ದೊಡ್ಡ ಚಕ್ರ, ಸಣ್ಣ ಜೇಬು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಎರೆಮಣ್ಣಿನ ಗುಣ ಅಲ್ಲಿ ಬಾಳಿದವರಿಗೇ ಗೊತ್ತು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟು ಕಲ್ಲಿನಂತೆ ಗಟ್ಟಿಯಾಗಿರುವ ನೆಲ, ಒಂದು ಹದ ಮಳೆ ಬಿದ್ದೊಡನೆ ಉಬ್ಬಿ ಅಂಟಿನಂತಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತುವುದೇ ಕಷ್ಟ. ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆ ಸೇರಬೇಕು. ಮನುಷ್ಯನಾದರೋ ಚಪ್ಪಲಿ ಕಳಚಬಹುದು, ಪಾಪ, ಜೀಪು ಏನು ಮಾಡೀತು?

ಹೊಲದ ದಾರಿಯಲ್ಲಿ ಜೀಪು ಹೂತು ಹೋಗುತ್ತದೆ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆಯುತ್ತದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಾತು ಶುರುವಾಗುತ್ತದೆ: “ಈ ಸಣ್ಣ ಟಯರ್ ತೆಗೆದು ದೊಡ್ಡದು ಹಾಕಿಸಿದರೆ ಚಿಂತೆಯೇ ಇಲ್ಲ.” ಮಗನ ಕಣ್ಣಲ್ಲಿ ಆಗಲೇ ಮಿಂಚು. ಮರುದಿನ ತಾಯಿಯ ಪಕ್ಕ ಬಂದು ಕೂರುತ್ತಾನೆ. “ಅಮ್ಮೀ, ಚೀಟಿ ಹಣ ಯಾವಾಗ ಬರುತ್ತದೆ? ಬರೀ ನಾಲ್ಕು ಟಯರ್ ಅಷ್ಟೇ.”

ಇದು ಗಂಡಸರ ವಿಷಯ, ನಮಗೇಕೆ ಎಂದು ಹೆಚ್ಚಿನ ಸಹೋದರಿಯರು ಸುಮ್ಮನಾಗುತ್ತಾರೆ. ಆದರೆ ಹಣ ಹೋಗುವುದು ಮನೆಯ ಪೆಟ್ಟಿಗೆಯಿಂದ. ಮದುವೆಗೋ ಆಸ್ಪತ್ರೆಗೋ ಹೊರಟಾಗ ಅದೇ ಜೀಪಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂರುವವರು ನಾವು. ಹಣವೂ ನಮ್ಮದು, ಜೀವವೂ ನಮ್ಮದು ಎಂದ ಮೇಲೆ ವಿಷಯವೂ ನಮ್ಮದೇ. ಆದ್ದರಿಂದ ಈ ತಿಂಗಳು ಟಯರಿನ ಲೆಕ್ಕವನ್ನೇ ನೋಡೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಟಯರಿನ ನಿಜವಾದ ಬೆಲೆ ಟಯರ್ ಅಂಗಡಿಯ ಬಿಲ್ಲಿನಲ್ಲಿ ಇರುವುದಿಲ್ಲ.

ಅಗತ್ಯ ಸುಳ್ಳಲ್ಲ

ಮೊದಲು ಹುಡುಗರ ಪರವಾಗಿ ಒಂದು ಮಾತು. ಈ ಆಸೆಯೆಲ್ಲ ಬರಿಯ ಷೋಕಿ ಎಂದು ಬೈದುಬಿಡುವುದು ನ್ಯಾಯವಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಬೆವರು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಕಥೆ ನಾಡಿಗೆಲ್ಲ ಗೊತ್ತು. ಕೃಷ್ಣೆ, ಘಟಪ್ರಭೆಯರ ನೀರು ಹೊಲಕ್ಕೆ ಬಂದಲ್ಲೆಲ್ಲ ಕಬ್ಬು ಬಂತು. ಕಬ್ಬು ಬಂದ ಮೇಲೆ ಹೊಲದ ದಾರಿಗೆ ವರ್ಷವಿಡೀ ತೇವ. ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಆಳವಾದ ಗಾಲಿಗೆರೆ ಬೀಳುತ್ತದೆ. ಎರಡು ಗೆರೆಗಳ ನಡುವೆ ಉಳಿದ ದಿಬ್ಬಕ್ಕೆ ಜೀಪಿನ ಹೊಟ್ಟೆ ತಾಗಿ ಚಕ್ರ ಅಂತರದಲ್ಲೇ ತಿರುಗುತ್ತದೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರು ಇಳಿದ ಜಾಗದಲ್ಲೂ ಕೆಸರೇ. 2005, 2009, 2019ರ ಪ್ರವಾಹಗಳನ್ನು ಕಂಡ ಹೊಳೆಸಾಲಿನ ಊರುಗಳಿಗಂತೂ ಹೇಳಬೇಕಾದ್ದೇ ಇಲ್ಲ. ಹೆರಿಗೆ ನೋವು ಬಂದ ಸೊಸೆಯನ್ನು ರಾತ್ರಿ ಹೊತ್ತು ತೋಟದ ಮನೆಯಿಂದ ಡಾಂಬರು ರಸ್ತೆಗೆ ತರುವುದು ಹೇಗೆಂದು ಚಿಂತಿಸಿದ ಅತ್ತೆಯಂದಿರು ಅಲ್ಲಿ ಎಷ್ಟೋ ಮಂದಿ. ಹಾಗಾಗಿ ಗಾಡಿ ಕೆಸರಿನಿಂದ ಪಾರಾಗಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಅದಕ್ಕೆ ದಾರಿ ಯಾವುದು ಎಂಬುದಷ್ಟೇ ಪ್ರಶ್ನೆ.

ಕಡಿಮೆ ಖರ್ಚಿನಲ್ಲಿ ಒಳ್ಳೆಯ ಚಕ್ರ ಹಾಕುವ ಉಪಾಯವನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು. ಹಿಂದಿನ ಚಕ್ಕಡಿಗೆ ಮರದ ಗಾಲಿ, ಅದಕ್ಕೆ ಕಬ್ಬಿಣದ ಹಳಿ. ಅದು ತೆಳ್ಳಗಿದ್ದುದರಿಂದ ಹಸಿ ಎರೆಯಲ್ಲಿ ಚಾಕುವಿನಂತೆ ಇಳಿಯುತ್ತಿತ್ತು. ಕಬ್ಬು ಸಾಗಿಸುವ ಕಾಲ ಬಂದಾಗ ಗಾಳಿ ತುಂಬಿದ ರಬ್ಬರ್ ಟಯರಿನ ಗಾಡಿ ಬಂತು. ಲಾರಿಯಿಂದ ಇಳಿಸಿದ ಹಳೆಯ ಟಯರುಗಳಿಗೆ ಗಾಡಿಯಲ್ಲಿ ಎರಡನೆಯ ಜನ್ಮ ಸಿಕ್ಕಿತು. ಅಗಲವಾದ ಟಯರ್ ನೆಲದ ಮೇಲೆ ಭಾರವನ್ನು ಹರಡಿತು. ಎತ್ತುಗಳಿಗೂ ನಿರಾಳ, ಜೇಬಿಗೂ ನಿರಾಳ.

ಆದರೆ ಎತ್ತಿನ ನಡಿಗೆ ಗಂಟೆಗೆ ನಾಲ್ಕೋ ಐದೋ ಕಿಲೋಮೀಟರ್. ಆ ವೇಗದಲ್ಲಿ ಹಳೆಯ ಟಯರ್ ಬಿಸಿಯಾಗುವುದಿಲ್ಲ, ಒಡೆದರೂ ಗಾಡಿ ಒಂದು ಕಡೆ ವಾಲಿ ನಿಲ್ಲುತ್ತದೆ ಅಷ್ಟೇ. ಅದೇ ಹಳೆಯ ಟಯರ್ ಎಪ್ಪತ್ತು ಕಿಲೋಮೀಟರ್ ವೇಗದ ಜೀಪಿನಲ್ಲಿ ಒಡೆದರೆ? ಟಯರಿನ ಯೋಗ್ಯತೆಯನ್ನು ನಿರ್ಧರಿಸುವುದು ಅದರ ಗಾತ್ರವಲ್ಲ. ಅದು ಹೊರಬೇಕಾದ ಭಾರ ಮತ್ತು ಓಡಬೇಕಾದ ವೇಗ. ಚಕ್ಕಡಿಗೆ ಸರಿಹೋದ ಉಪಾಯ ಜೀಪಿಗೆ ಸರಿಹೋಗುವುದಿಲ್ಲ ಎಂಬುದನ್ನು ಮರೆಯಬಾರದು.

ಟಯರಿನ ಮೈಮೇಲಿನ ಬರಹ

ಟಯರಿನ ಬದಿಯಲ್ಲಿ ಕೆಲವು ಅಂಕಿ ಅಕ್ಷರಗಳಿರುತ್ತವೆ. ಸೀರೆಯ ಅಂಚಿನ ಮೇಲಿನ ಮುದ್ರೆ ಓದುವ ನಾವು ಇದನ್ನೂ ಓದಬಹುದು. ಬೊಲೆರೊ ಗಾಡಿಯ ಟಯರಿನಲ್ಲಿ 215/75 ಆರ್ 15 ಎಂದಿರುತ್ತದೆ. 215 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಆ ಅಗಲದ ಶೇಕಡಾ 75ರಷ್ಟು ಅದರ ಬದಿಯ ಎತ್ತರ. ಆರ್ ಎಂದರೆ ರೇಡಿಯಲ್ ಜಾತಿಯದು. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಷ್ಟು ಗೊತ್ತಿದ್ದರೆ ಟಯರಿನ ಒಟ್ಟು ಎತ್ತರ ಲೆಕ್ಕ ಹಾಕಬಹುದು. 215ರ ಮುಕ್ಕಾಲು ಪಾಲು 161. ಮೇಲೊಂದು ಕೆಳಗೊಂದು ಎಂದರೆ 322. ಅದಕ್ಕೆ 15 ಇಂಚಿನ ರಿಮ್, ಅಂದರೆ 381 ಸೇರಿಸಿದರೆ ಸುಮಾರು 703 ಮಿಲಿಮೀಟರ್.

ಇದರ ಬದಲು 235/75 ಆರ್ 15 ಹಾಕಿಸಿದರೆ ಎತ್ತರ ಸುಮಾರು 733 ಮಿಲಿಮೀಟರ್. ಮೂವತ್ತು ಮಿಲಿಮೀಟರ್ ಹೆಚ್ಚಾಯಿತು. ಆದರೆ ಗಾಡಿ ಮೇಲೇಳುವುದು ಅದರ ಅರ್ಧ ಮಾತ್ರ, ಏಕೆಂದರೆ ಇನ್ನರ್ಧ ಅಚ್ಚಿನ ಮೇಲ್ಭಾಗಕ್ಕೆ ಹೋಗುತ್ತದೆ. ಅಂದರೆ ಒಂದೂವರೆ ಸೆಂಟಿಮೀಟರ್, ಒಂದು ಬೆರಳಿನ ದಪ್ಪ. ಹುಡುಗರು ಆಸೆಪಡುವ 31 ಇಂಚಿನ ಟಯರ್ ಹಾಕಿಸಿದರೂ ಗಾಡಿ ಮೇಲೇಳುವುದು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು, ಎರಡು ಮೂರು ಬೆರಳು. ಹಣ ಕೊಡುವ ಮೊದಲು ಈ ಬೆರಳ ಲೆಕ್ಕವನ್ನು ಮಗನ ಮುಂದಿಡಿ. ಮೊಣಕಾಲುದ್ದದ ಗಾಲಿಗೆರೆಯಲ್ಲಿ ಒಂದು ಬೆರಳು ಎಷ್ಟು ಉಪಕಾರ ಮಾಡೀತು ಎಂದು ಅವನೇ ಯೋಚಿಸಲಿ.

ಹಳೆಯ ಮಹೀಂದ್ರ ಜೀಪುಗಳಲ್ಲಿ ಹೆಚ್ಚಿನವುಗಳ ಟಯರು 6.00-16. ಆರು ಇಂಚು ಅಗಲದ, ನೋಡಲು ಬಡಕಲಾದ ಟಯರು. ಅದನ್ನು ಕಂಡು ಹುಡುಗರು ನಗುತ್ತಾರೆ. ಆದರೆ ಎರಡನೆಯ ಮಹಾಯುದ್ಧದ ಕೆಸರು, ಮರಳುಗಳಲ್ಲಿ ಓಡಿದ ಸೇನೆಯ ಜೀಪಿಗಿದ್ದದ್ದೂ ಇದೇ ಅಳತೆ. ಮೇಲೆ ಕೆಸರು, ಕೆಳಗೆ ಗಟ್ಟಿ ನೆಲ ಇರುವಲ್ಲಿ ಕಿರಿದಾದ ಟಯರು ಕೆಸರನ್ನು ಸೀಳಿ ಕೆಳಗಿಳಿದು ಹಿಡಿತ ಸಾಧಿಸುತ್ತದೆ. ತಳವೇ ಸಿಗದ ಮೆದು ನೆಲದಲ್ಲಿ ಅಗಲವಾದದ್ದು ಮೇಲು. ನಮ್ಮ ಎರೆಮಣ್ಣಿಗೆ ಮಾತ್ರ ಮೂರನೆಯ ಗುಣವೊಂದಿದೆ, ಅಂಟು. ಟಯರಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ತುಂಬಿಕೊಂಡು ಟಯರು ನುಣ್ಣನೆಯ ಉಂಡೆಯಾಗುತ್ತದೆ. ಅಗಲವಾದ ಟಯರಿಗೆ ಇನ್ನಷ್ಟು ಮಣ್ಣು ಮೆತ್ತುತ್ತದೆ. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಮೊದಲೇ ಜಾಗ ಕಡಿಮೆಯಿದ್ದರೆ ಮಣ್ಣು ಅಲ್ಲಿ ಕಚ್ಚಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಎರೆಯಲ್ಲಿ ಬೇಕಾದದ್ದು ದೊಡ್ಡ ಟಯರಿಗಿಂತ ಮುಖ್ಯವಾಗಿ ಅಗಲ ಸಂದಿಯ, ತಿರುಗುವಾಗ ಮಣ್ಣನ್ನು ತಾನೇ ಎಸೆದುಕೊಳ್ಳುವ ಹಲ್ಲಿನ ಟಯರು.

ಬಿಲ್ಲಿನಲ್ಲಿ ಕಾಣದ ಖರ್ಚು

ಮನೆಯಲ್ಲಿ ಹೊಲಿಗೆ ಯಂತ್ರ ಇದ್ದವರು ಒಮ್ಮೆ ಅದರ ಚಕ್ರಗಳನ್ನು ನೋಡಿ. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಮೇಲಿನ ಸಣ್ಣ ಚಕ್ರ ಹಲವು ಸುತ್ತು ತಿರುಗುತ್ತದೆ. ಕೆಳಗಿನ ಚಕ್ರವನ್ನು ಇನ್ನೂ ದೊಡ್ಡದು ಮಾಡಿದರೆ ಸೂಜಿ ವೇಗವಾಗಿ ಓಡುತ್ತದೆ, ಆದರೆ ತುಳಿಯುವ ಕಾಲಿಗೆ ಭಾರ ಹೆಚ್ಚುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಯವರಿಗೂ ಇದು ಗೊತ್ತು. ಮೋಟಾರಿನ ಪುಲ್ಲಿ ಬದಲಾದರೆ ಮಗ್ಗದ ವೇಗವೇ ಬದಲಾಗುತ್ತದೆ. ಜೀಪಿನ ಟಯರೂ ಅಷ್ಟೇ. ಎಂಜಿನ್ ಮೊದಲಿನಷ್ಟೇ ಸುತ್ತು ತಿರುಗಿಸಿದರೂ ದೊಡ್ಡ ಟಯರು ಹೆಚ್ಚು ದೂರ ಓಡುತ್ತದೆ, ಆದರೆ ಗಾಡಿಯನ್ನು ನಿಂತಲ್ಲಿಂದ ಎಬ್ಬಿಸಲು ಎಂಜಿನ್ ಹೆಚ್ಚು ತಿಣುಕಬೇಕಾಗುತ್ತದೆ. ಕೆಸರಿನಲ್ಲಿ ಬೇಕಾದದ್ದು ಆ ನಿಧಾನದ ಬಲವೇ. ದೊಡ್ಡ ಟಯರು ಅದನ್ನೇ ಕಸಿದುಕೊಳ್ಳುತ್ತದೆ. ಚಾಲಕ ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಗಾಡಿ ಎಬ್ಬಿಸುತ್ತಾನೆ, ಕ್ಲಚ್ ಪ್ಲೇಟು ಸುಡುತ್ತದೆ. ಇದು ಬಿಲ್ಲಿನಲ್ಲಿಲ್ಲದ ಮೊದಲ ಖರ್ಚು.

ಎರಡನೆಯದು ಬ್ರೇಕ್. ಟಯರು ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಹೆಚ್ಚು ಬಲ ಬೇಕು. ಹಳೆಯ ಜೀಪುಗಳ ಡ್ರಮ್ ಬ್ರೇಕು ಸಣ್ಣ ಟಯರಿಗೇ ಕಷ್ಟದಿಂದ ಸಾಲುತ್ತದೆ. ಮೇಲೆ ಮೀಟರಿನ ಮೋಸ ಬೇರೆ. 31 ಇಂಚಿನ ಟಯರು ಹಾಕಿದ ಬೊಲೆರೊದ ಮೀಟರು 60 ತೋರಿಸುವಾಗ ಗಾಡಿ ನಿಜವಾಗಿ 67ರಲ್ಲಿ ಓಡುತ್ತಿರುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮೀಟರು ಸುಮಾರು 89 ಎನ್ನುತ್ತದೆ. ಡೀಸೆಲ್ ಲೆಕ್ಕ ಬರೆಯುವ ಮನೆಯಲ್ಲಿ ಲೆಕ್ಕ ತಪ್ಪುತ್ತದೆ, ಆಯಿಲ್ ಬದಲಿಸುವ ಹೊತ್ತೂ ಮೀರುತ್ತದೆ.

ಮೂರನೆಯದು ಉಜ್ಜಾಟ. ನೇರ ಓಡುವಾಗ ಏನೂ ತೋರುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಎಂಟು ಹತ್ತು ಜನ ಕೂತು ಗಾಡಿ ಕೆಳಗಿಳಿದಾಗ, ಒಂದು ಚಕ್ರ ಗುಂಡಿಗೆ ಬಿದ್ದು ಇನ್ನೊಂದು ಮೇಲೆದ್ದಾಗ ಟಯರು ಮಡ್‌ಗಾರ್ಡಿಗೋ ಕಮಾನಿನ ಪಟ್ಟಿಗೋ ಬ್ರೇಕಿನ ಪೈಪಿಗೋ ತಾಗುತ್ತದೆ. ಅದಕ್ಕೆ ಮದ್ದೆಂದು ಗಾಡಿಯನ್ನು ಎತ್ತರಿಸುತ್ತಾರೆ. ಕಮಾನಿಗೆ ಹೆಚ್ಚುವರಿ ಪಟ್ಟಿ, ಉದ್ದದ ಶಾಕಲ್. ಎತ್ತರವಾದ ಗಾಡಿ ತಿರುವಿನಲ್ಲಿ ಬೇಗ ಮಗುಚುತ್ತದೆ. ಮುಂದಿನ ಅಚ್ಚಿನ ಕೋನ ಬದಲಾಗಿ ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಅದನ್ನು ಸರಿಪಡಿಸಲು ಮತ್ತೊಂದು ಖರ್ಚು. ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು ಹೇಳಿದಂತೆ.

ನಾಲ್ಕನೆಯದು ರಿಮ್. ಕಿರಿದಾದ ರಿಮ್ಮಿಗೆ ಅಗಲವಾದ ಟಯರನ್ನು ಬಲವಂತವಾಗಿ ಏರಿಸಿದರೆ ಅದರ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಜಾರಲೂಬಹುದು. ಅದಕ್ಕಾಗಿ ಅಗಲ ರಿಮ್ ಕೊಂಡರೆ ಚಕ್ರ ಹೊರಗೆ ಚಾಚಿಕೊಂಡು ಬೇರಿಂಗಿನ ಮೇಲೆ, ಟೈ ರಾಡಿನ ಮೇಲೆ ಭಾರ ಬೀಳುತ್ತದೆ. ಹಳೆಯ ರಿಮ್ಮನ್ನು ಕತ್ತರಿಸಿ ಕಬ್ಬಿಣದ ಪಟ್ಟಿ ಬೆಸೆದು ಅಗಲ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಆ ಬೆಸುಗೆಯನ್ನು ನಂಬಿ ಮಕ್ಕಳನ್ನು ಕೂರಿಸಬೇಡಿ.

ಐದನೆಯದೇ ಹೆಚ್ಚಿನವರು ಮರೆಯುವ ಲೆಕ್ಕ. “ಬರೀ ನಾಲ್ಕು ಟಯರ್” ಎಂಬ ಮಾತೇ ಸರಿಯಲ್ಲ. ಟಯರು ಐದು. ಸ್ಟೆಪ್ನಿ ಹಳೆಯ ಸಣ್ಣದೇ ಉಳಿದರೆ ದಾರಿಯಲ್ಲಿ ಪಂಕ್ಚರ್ ಆದಾಗ ಗಾಡಿ ಕುಂಟುತ್ತದೆ. ದೊಡ್ಡ ಸ್ಟೆಪ್ನಿ ಅದರ ಜಾಗದಲ್ಲಿ ಹಿಡಿಸದಿರಬಹುದು, ಗಾಡಿಯ ಜಾಕ್ ಆ ಎತ್ತರಕ್ಕೆ ಏರದಿರಬಹುದು. ಈ ವರ್ಷ ಹಿಂದಿನ ಎರಡು, ಮುಂದಿನ ವರ್ಷ ಮುಂದಿನ ಎರಡು ಎಂದು ಕಂತಿನಲ್ಲಿ ಹಾಕಿಸುವ ಯೋಚನೆ ನಾಲ್ಕು ಚಕ್ರಕ್ಕೂ ಬಲ ಹೋಗುವ ಜೀಪಿನಲ್ಲಿ ಬಲು ಅಪಾಯ. ಹಿಂದಿನ ಚಕ್ರ ಒಂದು ಲೆಕ್ಕದಲ್ಲಿ, ಮುಂದಿನದು ಇನ್ನೊಂದು ಲೆಕ್ಕದಲ್ಲಿ ಓಡಬೇಕಾಗಿ ಬಂದಾಗ ನಾಲ್ಕು ಚಕ್ರದ ಗೇರು ಹಾಕಿ ಗಟ್ಟಿ ರಸ್ತೆಯಲ್ಲಿ ಓಡಿಸಿದರೆ ಒಳಗಿನ ಹಲ್ಲುಗಳೇ ಮುರಿಯುತ್ತವೆ. ಆ ಗೇರುಪೆಟ್ಟಿಗೆಯ ದುರಸ್ತಿಯ ಮುಂದೆ ಟಯರಿನ ಬೆಲೆ ಏನೂ ಅಲ್ಲ.

ಅಗ್ಗದ ಆಮಿಷ

ಇಷ್ಟೆಲ್ಲ ಕೇಳಿದ ಮೇಲೆ ಹುಡುಗರು ಅಗ್ಗದ ದಾರಿ ಹುಡುಕುತ್ತಾರೆ. ಕಬ್ಬಿನ ನಾಡಿನಲ್ಲಿ ಅದು ಕಣ್ಣೆದುರೇ ಇದೆ, ಟ್ರ್ಯಾಕ್ಟರಿನ ಮುಂದಿನ ಟಯರು. ಅದರಲ್ಲಿ 6.00-16 ಅಳತೆಯದೂ ಸಿಗುತ್ತದೆ, ಇನ್ನೂ ದೊಡ್ಡದಾದ 7.50-16 ಕೂಡ ಸಿಗುತ್ತದೆ. ಜೀಪಿನ 16 ಇಂಚಿನ ರಿಮ್ಮಿಗೆ ಹತ್ತಿರದ ಅಳತೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಯರಿಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ, ಕಾರು ಜೀಪುಗಳ ಹೊಸ ಟಯರಿಗೆ 28ರಿಂದ 18ಕ್ಕೆ. ಹೀಗಾಗಿ ಟ್ರ್ಯಾಕ್ಟರಿನದೇ ಹಾಕಿಸಿದರೇನು ಎಂಬ ಆಸೆ ಸಹಜ.

ಆದರೆ ಆ ಟಯರಿನ ಬದಿಯಲ್ಲಿ ಎ6 ಅಥವಾ ಎ8 ಎಂಬ ಗುರುತಿದ್ದರೆ ಅದರ ಅರ್ಥ ತಿಳಿದಿರಲಿ. ಎ6 ಎಂದರೆ ಗಂಟೆಗೆ ಹೆಚ್ಚೆಂದರೆ 30 ಕಿಲೋಮೀಟರ್, ಎ8 ಎಂದರೆ 40. ಅದಕ್ಕಿಂತ ವೇಗವಾಗಿ ಓಡಲು ಅದನ್ನು ಮಾಡಿಲ್ಲ. ಮುಧೋಳದಿಂದ ಬಾಗಲಕೋಟೆಗೆ ಮೇ ತಿಂಗಳ ಬಿಸಿಲಲ್ಲಿ 80ರ ವೇಗದಲ್ಲಿ ಹೊರಟರೆ ಅದು ಒಳಗೊಳಗೇ ಕಾದು ಪದರ ಬಿಟ್ಟು ಸಿಡಿಯುತ್ತದೆ. ಅದರ ಉದ್ದುದ್ದ ಗೆರೆಗಳು ಮಾಡಿರುವುದು ಟ್ರ್ಯಾಕ್ಟರಿನ ಮೂತಿಯನ್ನು ತಿರುಗಿಸಲಿಕ್ಕೇ ಹೊರತು ಕೆಸರಿನಲ್ಲಿ ಗಾಡಿಯನ್ನು ಎಳೆಯಲಿಕ್ಕಲ್ಲ. ಅಂದರೆ ರಸ್ತೆಗೂ ಆಗದು, ಕೆಸರಿಗೂ ಆಗದು.

ಎರಡನೆಯ ಆಮಿಷ ಹಳೆಯ ಟಯರು. ಹಲ್ಲು ಚೆನ್ನಾಗಿ ಕಂಡರೆ ಸಾಕೆಂದು ಕೊಳ್ಳುತ್ತಾರೆ. ಟಯರಿನ ಬದಿಯಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಔಷಧದ ಪಟ್ಟಿಯ ಮೇಲೆ ತಾರೀಕು ನೋಡುವಂತೆ ಇದನ್ನೂ ನೋಡಿ. ರಬ್ಬರಿಗೆ ವಯಸ್ಸಾಗುತ್ತದೆ. ಬಳಸದೆ ಇಟ್ಟರೂ ಗಟ್ಟಿಯಾಗಿ ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಹಲ್ಲಿನ ಸಂದಿಯಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಹಲ್ಲು ಸವೆದು ಆ ಉಬ್ಬಿಗೆ ಸಮವಾಯಿತೆಂದರೆ ಉಳಿದದ್ದು 1.6 ಮಿಲಿಮೀಟರ್. ಅದಕ್ಕಿಂತ ಸವೆದ ಟಯರಿನಲ್ಲಿ ಓಡಿಸುವುದು ಮೋಟಾರು ವಾಹನ ನಿಯಮಕ್ಕೂ ವಿರುದ್ಧ.

ಮೇಲಿನ ರಬ್ಬರನ್ನು ಹೊಸದಾಗಿ ಹೊದಿಸಿದ ರಿಮೋಲ್ಡ್ ಟಯರುಗಳೂ ಸಿಗುತ್ತವೆ. ಒಳಗಿನ ಮೈ ಗಟ್ಟಿಯಿದ್ದು ಒಳ್ಳೆಯ ಕಾರ್ಖಾನೆಯಲ್ಲಿ ಮಾಡಿದ್ದಾದರೆ ನಿಧಾನವಾಗಿ ಹೊಲಕ್ಕೆ ಓಡಾಡುವ ಗಾಡಿಯ ಹಿಂದಿನ ಚಕ್ರಕ್ಕೆ ಬಳಸಬಹುದು. ಆಗಲೂ ಹಿಂದಿನ ಎರಡೂ ಒಂದೇ ಜೋಡಿಯವು, ಮುಂದಿನವುಗಳಷ್ಟೇ ಎತ್ತರದವು ಆಗಿರಬೇಕು. ಮುಂದಿನ ಚಕ್ರಕ್ಕೆ ಮಾತ್ರ ಬೇಡ. ಮುಂದಿನ ಟಯರು ಒಡೆದರೆ ಸ್ಟಿಯರಿಂಗ್ ಕೈ ತಪ್ಪುತ್ತದೆ.

ಕಾನೂನು ಏನೆನ್ನುತ್ತದೆ?

ಗಾಡಿ ನಮ್ಮದು, ಏನು ಬೇಕಾದರೂ ಮಾಡಿಕೊಳ್ಳಬಹುದು ಎಂಬುದು ತಪ್ಪು ತಿಳುವಳಿಕೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ, ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶವಾಯಿತು. ಮಡ್‌ಗಾರ್ಡ್ ಕತ್ತರಿಸಿ, ಗಾಡಿ ಎತ್ತರಿಸಿ, ಚಕ್ರ ಹೊರಚಾಚಿದರೆ ಎಷ್ಟು ಮಾರ್ಪಾಡಾಯಿತು ಎಂದು ಎಣಿಸಿಕೊಳ್ಳಿ. ಜಮಖಂಡಿಯಲ್ಲೇ ಆರ್‌ಟಿಒ ಕಚೇರಿಯಿದೆ. ಏನಾದರೂ ಬದಲಿಸುವ ಮೊದಲು ಅಲ್ಲಿ ಕೇಳಿ ತಿಳಿಯುವುದಕ್ಕೆ ಯಾವ ಖರ್ಚೂ ಇಲ್ಲ.

ದಂಡಕ್ಕಿಂತ ದೊಡ್ಡದು ವಿಮೆ. ಅಪಘಾತವಾದಾಗ ಗಾಡಿಯ ಮೂಲ ರೂಪವೇ ಬದಲಾಗಿದ್ದರೆ ವಿಮಾ ಕಂಪೆನಿಗೆ ತಕರಾರು ತೆಗೆಯಲು ಕಾರಣ ಸಿಕ್ಕಿದಂತೆ. ಗಾಡಿಯಲ್ಲಿದ್ದವರಿಗೋ ದಾರಿಹೋಕರಿಗೋ ಗಾಯವಾದರೆ ಆ ಭಾರ ಮನೆಯ ಮೇಲೆ ಬಂದೀತು. ನಮ್ಮ ಗಾಡಿಯಲ್ಲಿ ಕೂತ ನೆರೆಮನೆಯ ಮಕ್ಕಳು ಇಳಿಯುವ ತನಕ ನಮ್ಮ ಕೈಯಲ್ಲಿರುವ ಅಮಾನತ್ತು ಎಂಬುದನ್ನು ನೆನಪಿಡಬೇಕು.

ಹಾಗಾದರೆ ಏನು ಮಾಡಬೇಕು?

ಬೇಡ ಎನ್ನುವುದು ಸುಲಭ, ಬದಲಿ ದಾರಿ ತೋರಿಸದಿದ್ದರೆ ಮಗ ಕೇಳುವುದಿಲ್ಲ. ಹಣ ಕಡಿಮೆಯಿದ್ದವರು ಖರ್ಚನ್ನು ಈ ಕ್ರಮದಲ್ಲಿ ಮಾಡಿದರೆ ಒಳ್ಳೆಯದು.

ಮೊದಲು ಇರುವ ಗಾಡಿಯನ್ನು ಸರಿಪಡಿಸಿ. ಬ್ರೇಕು, ಬೇರಿಂಗು, ಟೈ ರಾಡು, ಕಮಾನು ನೋಡಿಸಿ. ವರ್ಷಗಟ್ಟಲೆ ಭಾರ ಹೊತ್ತು ಕಮಾನು ಕುಸಿದಿದ್ದರೆ ಅದನ್ನು ಮೂಲದ ಎತ್ತರಕ್ಕೆ ತಂದರೆ ಸಾಕು, ಕಳೆದುಹೋದ ಬೆರಳೆರಡು ಬೆರಳು ಎತ್ತರ ಟಯರು ಬದಲಿಸದೆಯೇ ಮರಳಿ ಸಿಗುತ್ತದೆ.

ಎರಡನೆಯದಾಗಿ ಗಾಳಿ. ಗಾಳಿಯ ಒತ್ತಡ ನೋಡುವ ಮೀಟರು ಮತ್ತು ಕಾಲಿನಿಂದ ತುಳಿಯುವ ಪಂಪು ಮನೆಯಲ್ಲಿರಲಿ. ಮೆದು ನೆಲಕ್ಕೆ ಇಳಿಯುವ ಮೊದಲು 30ರಷ್ಟಿರುವ ಒತ್ತಡವನ್ನು 20ರ ಆಸುಪಾಸಿಗೆ ಇಳಿಸಿದರೆ ಟಯರು ನೆಲದ ಮೇಲೆ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ಟ್ಯೂಬಿರುವ ಟಯರಿನಲ್ಲಿ ತೀರಾ ಇಳಿಸಬಾರದು, ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಮೂತಿ ಕಿತ್ತುಬರುತ್ತದೆ. ಡಾಂಬರಿಗೆ ಬಂದೊಡನೆ ಮತ್ತೆ ಗಾಳಿ ತುಂಬಲೇಬೇಕು. ಗಾಳಿ ಕಡಿಮೆಯಿದ್ದ ಟಯರು ರಸ್ತೆಯಲ್ಲಿ ಕಾದು ಒಡೆಯುತ್ತದೆ.

ಮೂರನೆಯದಾಗಿ ಗಾಡಿಯಲ್ಲಿ ಒಂದು ಗಟ್ಟಿ ಹಗ್ಗ, ಒಂದು ಸಲಿಕೆ, ನಾಲ್ಕು ಗೋಣಿಚೀಲ, ಎರಡು ಹಲಗೆ ಇಡಿ. ಹೂತ ಚಕ್ರದ ಸುತ್ತಲಿನ ಮಣ್ಣು ಬಿಡಿಸಿ, ಮುಂದೆ ಗೋಣಿಯೋ ಹಲಗೆಯೋ ಹಾಕಿ ನಿಧಾನವಾಗಿ ಎಬ್ಬಿಸಿದರೆ ಎಷ್ಟೋ ಸಲ ಟ್ರ್ಯಾಕ್ಟರೇ ಬೇಕಾಗುವುದಿಲ್ಲ. ಚಕ್ರವನ್ನು ನಿಂತಲ್ಲೇ ತಿರುಗಿಸಿದಷ್ಟೂ ಅದು ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ.

ನಾಲ್ಕನೆಯದಾಗಿ, ಇರುವ ಟಯರುಗಳು ಹೇಗೂ ಸವೆದು ಬದಲಿಸುವ ಕಾಲ ಬಂದಾಗ, ಅದೇ ಅಳತೆಯಲ್ಲಿ ಕೆಸರಿಗೆ ಹೊಂದುವ, ಅಗಲ ಸಂದಿಯ ಹಲ್ಲಿನ ಟಯರು ತೆಗೆದುಕೊಳ್ಳಿ. ಅಳತೆ ಬದಲಾಗದಿದ್ದರೆ ಬ್ರೇಕು, ಮೀಟರು, ಗೇರುಗಳ ಲೆಕ್ಕ ತಪ್ಪುವುದಿಲ್ಲ, ಕಾನೂನಿನ ಭಯವೂ ಇಲ್ಲ. ಎರೆಯಲ್ಲಿ ಕಾಣುವ ವ್ಯತ್ಯಾಸದ ಬಹುಪಾಲು ಈ ಹಲ್ಲಿನಿಂದಲೇ ಬರುತ್ತದೆ. ಒಂದು ವಿಷಯ ಗೊತ್ತಿರಲಿ. ಇಂಥ ಹಲ್ಲು ಡಾಂಬರಿನಲ್ಲಿ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ವಾರದಲ್ಲಿ ಆರು ದಿನ ಪೇಟೆಗೆ ಓಡುವ ಗಾಡಿಗೆ ಅರ್ಧ ರಸ್ತೆ, ಅರ್ಧ ಹೊಲ ಎರಡಕ್ಕೂ ಆಗುವ ಹಲ್ಲೇ ಮೇಲು.

ಇಷ್ಟೂ ಆದ ಮೇಲೂ ದೊಡ್ಡದು ಬೇಕೇ ಬೇಕು ಎಂದಾದರೆ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಅದೇ ಮಾದರಿಗೆ ತಯಾರಕರು ಇನ್ನೊಂದು ಅಳತೆ ನಮೂದಿಸಿದ್ದರೆ ಅಷ್ಟಕ್ಕೆ ಮಾತ್ರ ಹೋಗಿ. ಟಯರಿನ ಬದಿಯಲ್ಲಿ ಭಾರದ ಅಂಕಿಯೂ ಇರುತ್ತದೆ. 100 ಎಂದರೆ ಒಂದು ಟಯರು 800 ಕಿಲೋ ಹೊರಬಲ್ಲದು, 105 ಎಂದರೆ 925 ಕಿಲೋ. ಮೊದಲಿದ್ದ ಅಂಕಿಗಿಂತ ಕಡಿಮೆಯದನ್ನು ಕೊಳ್ಳಬಾರದು. ಐಎಸ್‌ಐ ಗುರುತಿರಲಿ, ಬಿಲ್ಲು ಪಡೆಯಿರಿ. ಐದನ್ನೂ ಕೊಳ್ಳುವ ಮೊದಲು ಒಂದನ್ನು ಮುಂದಿನ ಚಕ್ರಕ್ಕೆ ಹಾಕಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಮನೆಯವರನ್ನೆಲ್ಲ ಗಾಡಿಯಲ್ಲಿ ಕೂರಿಸಿ ಎಲ್ಲಾದರೂ ತಾಗುತ್ತದೆಯೇ ನೋಡಿ. ತಾಗಿದರೆ ಅಂಗಡಿಯವರಿಗೆ ಅಲ್ಲೇ ಮರಳಿಸಿ. ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡಿದೊಡನೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು.

ತಾಯಂದಿರು ಕೇಳಬೇಕಾದ ಐದು ಪ್ರಶ್ನೆ

ಸಹೋದರಿಯರೇ, ಮನೆಯ ವಿಷಯಗಳನ್ನು ಕೂಡಿ ಕೂತು ಸಮಾಲೋಚಿಸಿ ತೀರ್ಮಾನಿಸುವುದು ನಮ್ಮ ಪದ್ಧತಿ. ಟಯರಿನ ವಿಷಯವೂ ಅದಕ್ಕೆ ಹೊರತಲ್ಲ. ಬೈದರೆ ಮಗ ಮುನಿಸಿಕೊಂಡು ಬಡ್ಡಿಗೆ ಸಾಲ ತಂದಾನು. ಪ್ರಶ್ನೆ ಕೇಳಿದರೆ ಅವನೇ ಲೆಕ್ಕ ಹಾಕಿಯಾನು. ಹದಿಹರೆಯದ ಹುಡುಗರಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ನಾಟುತ್ತದೆ ಎಂಬುದು ತರಗತಿಯಲ್ಲಿ ನಾನು ಕಂಡ ಸತ್ಯ.

ಒಂದು, ಗಾಡಿ ವರ್ಷದಲ್ಲಿ ಎಷ್ಟು ದಿನ ಕೆಸರಿಗಿಳಿಯುತ್ತದೆ, ಎಷ್ಟು ದಿನ ರಸ್ತೆಯಲ್ಲಿ ಓಡುತ್ತದೆ? ಎರಡು, ಹೊಸ ಟಯರಿನಿಂದ ಗಾಡಿ ನಿಜವಾಗಿ ಎಷ್ಟು ಬೆರಳು ಮೇಲೇಳುತ್ತದೆ? ಮೂರು, ಸ್ಟೆಪ್ನಿ, ರಿಮ್, ಟ್ಯೂಬ್, ಜಾಕ್ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ? ನಾಲ್ಕು, ಈ ಅಳತೆ ಗಾಡಿಯ ಪುಸ್ತಕದಲ್ಲಿದೆಯೇ? ಐದು, ಬ್ರೇಕನ್ನು ಕೊನೆಯ ಸಲ ನೋಡಿಸಿದ್ದು ಯಾವಾಗ?

ಈ ಐದಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ತರಲು ಹೇಳಿ. ಆ ಹಾಳೆ ಕೈಗೆ ಬರುವ ತನಕ ಚೀಟಿಯ ಹಣ ಕಪಾಟಿನಲ್ಲೇ ಇರಲಿ.